ಸೀಲಿಲ್ಲದ ಮನೆಯಿಂದ ಹತ್ತನೇ ಪರೀಕ್ಷೆಗೆ

ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಲು ಕೂತ ದಿನದಿಂದ ಬೆಚ್ಚಿಬೀಳುವುದು ನನಗೆ ಅಭ್ಯಾಸವಾಗಿದೆ. ಒಂದು ಗಾಬರಿ ಇಳಿಯುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಹುಳ ಸಾಕುವ ಮನೆ. ಹಿಂದೆ ನಾನೇ ಟೀಚರಾಗಿದ್ದವಳು, ಆ ಧೈರ್ಯಕ್ಕೆ ಹಟ ಮಾಡಿ ಮಗಳಿಗೆ ಪಾಠ ಹೇಳಿಕೊಟ್ಟೆ. ಒಂಬತ್ತು ವರ್ಷ ಹೇಗೋ ಕಳೆಯಿತು. ಆಮೇಲೆ ಹತ್ತನೇ ತರಗತಿ ಬಂತು. ಅಂಕಪಟ್ಟಿ ಇಲ್ಲದೆ ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ, ಅವಳಿಗೋ ಪಿಯುಸಿಯಲ್ಲಿ ಸೈನ್ಸೇ ಬೇಕು. ನನ್ನ ಹಟಕ್ಕೆ ಅವಳು ದಂಡ ತೆರಬೇಕಾದೀತೇ ಎಂದು ನಿಜಕ್ಕೂ ಹೆದರಿದ್ದೆ.

ಯಾವ ಖಾಸಗಿ?

ಹೈಸ್ಕೂಲಿನ ಮೂಲಕ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು ಎಂದು ಯಾರೋ ಹೇಳಿದರು. ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿಗೆ ಹೋದೆ. ಖಾಸಗಿ ಅಂದ ಕೂಡಲೇ ಅಲ್ಲಿನ ಗುಮಾಸ್ತರು, ಯಾವ ಖಾಸಗಿ ಶಾಲೆ ಎಂದರು. ಶಾಲೆಯಲ್ಲ, ಮನೆ ಎಂದೆ. ಅವರು ಶಾಲೆಯ ಹೆಸರಿನ ಮುಂದೆ ‘ಮನೆ’ ಎಂದು ದುಂಡಗೆ ಬರೆದು, ಸೀಲ್ ಎಲ್ಲಿ ಎಂದು ಕೇಳಿದರು. ಮನೆಗೆಲ್ಲಿಂದ ಸೀಲು ತರಲಿ? ಹೋಗಲಿ, ಪಾಠ ಹೇಳಿದವರ ಸಹಿಯಾದರೂ ಬೇಕು ಎಂದರು, ಹೊರಗೆ ಬೆಂಚಿನಲ್ಲಿ ಕೂತು ಹಾಕಿ ತಂದೆ. ತಾಯಿಯ ಸಹಿ ಎಂದರು, ಅದನ್ನೂ ಹಾಕಿ ತಂದೆ.

ಎರಡನ್ನೂ ಹೋಲಿಸಿ ನೋಡಿದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಏನಮ್ಮ ಇದು? ಯಾರೋ ಟೀಚರ್ ಕೂತ್ಕೊಂಡು ತಾಯಿ ಸಹೀನ ಫೋರ್ಜರಿ ಮಾಡವ್ರೆ.”

ವಿದೇಶಿ ಬೋರ್ಡು

ಆ ದಾರಿ ಮುಚ್ಚಿದ ಮೇಲೆ ಗೌರಿಬಿದನೂರಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ, ವಿದೇಶಿ ಬೋರ್ಡಿನ ಪರೀಕ್ಷೆಯೂ ಇದೆ, ಬೆಂಗಳೂರಿಗೆ ಹೋಗಿ ಬರೆದರಾಯಿತು ಎಂದ. ನಮ್ಮ ಅತ್ತೆಯ ಕಿವಿಗೆ ಬಿದ್ದದ್ದು ಮೊದಲ ಪದ ಮಾತ್ರ. ಸಂಜೆಯೊಳಗೆ ಬೀದಿಯವರೆಲ್ಲ ಮಗಳನ್ನು ಕಳಿಸಿಕೊಡಲು ಬಂದು, ಅಲ್ಲಿ ಚಳಿಯಂತೆ ಕಣಮ್ಮ ಎಂದು ಅವಳ ತಲೆ ಸವರತೊಡಗಿದರು. ಆ ಬೋರ್ಡಿನ ಯೋಚನೆಯನ್ನು ಅಂದೇ ಕೈಬಿಟ್ಟೆವು. ಮೂರು ಮನೆಯಿಂದ ಬಂದಿದ್ದ ಚಟ್ನಿಪುಡಿಯನ್ನು ಮಾತ್ರ ವಾಪಸ್ಸು ಕೊಡಲಿಲ್ಲ.

ಐದನೇ ಉತ್ತರ

ಕೊನೆಗೆ, ಶಾಲೆಗೆ ಹೋಗದವರೂ ಬರೆಯಬಹುದಾದ ಮುಕ್ತ ಶಾಲೆಯ ಪರೀಕ್ಷೆಗೆ ಅರ್ಜಿ ಹಾಕಿದೆವು. ಹುಡುಗಿ ಪರೀಕ್ಷೆ ಎಂಬುದನ್ನು ಕಣ್ಣಿನಲ್ಲೂ ಕಂಡವಳಲ್ಲ. ಅದಕ್ಕೆ ನಡುಮನೆಯಲ್ಲಿ ಮೇಜು ಹಾಕಿ, ನಾನೇ ಒಂದು ಪ್ರಶ್ನೆಪತ್ರಿಕೆ ಮಾಡಿ ಕೂರಿಸಿದೆ. ಐದು ನಿಮಿಷಕ್ಕೆ ಪತ್ರಿಕೆ ಹಿಡಿದು ಅಡುಗೆಮನೆಗೆ ಬಂದು, ಮೂರನೆಯದಕ್ಕೆ ಉತ್ತರವೇನು ಎಂದಳು. ಪರೀಕ್ಷೆಯಲ್ಲಿ ಯಾರನ್ನೂ ಕೇಳಬಾರದು ಎಂದು ರೇಗಿದೆ.

“ಗೊತ್ತಿಲ್ದಿದ್ರೆ ಕೇಳು, ಕೇಳೋಕೆ ನಾಚ್ಕೋಬೇಡ ಅಂತ ಇಷ್ಟು ವರ್ಷ ಹೇಳ್ಕೊಟ್ಟಿದ್ದು ನೀನೇ ಅಲ್ವೇನಮ್ಮ?” ಎಂದಳು. ಅವಳನ್ನು ಮತ್ತೆ ಮೇಜಿಗೆ ಅಟ್ಟಿದೆ.

ಬರೆದು ಮುಗಿಸಿದ್ದನ್ನು ನೋಡಿದೆ. ‘ಚಂದ್ರಿಕೆ’ ಪದದ ಅರ್ಥಕ್ಕೆ ನಾಲ್ಕು ಉತ್ತರ ಕೊಟ್ಟಿದ್ದೆ: ಬೆಳದಿಂಗಳು, ನಕ್ಷತ್ರ, ಮೋಡ, ದೀಪ. ಅವಳು ನಾಲ್ಕನ್ನೂ ಹೊಡೆದುಹಾಕಿ ತಾನೇ ಐದನೆಯದೊಂದು ಸೇರಿಸಿ, ‘ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ’ ಎಂದು ಬರೆದಿದ್ದಳು. ಪಕ್ಕದಲ್ಲೇ ಒಂದು ಟಿಪ್ಪಣಿ: ‘ಪ್ರಶ್ನೆ ತಪ್ಪಿದೆ. ನಮ್ಮ ಮನೆಯಲ್ಲಿ ಮೂವತ್ತು ಇವೆ, ಬಂದು ನೋಡಬಹುದು.’

ನಾಲ್ಕನೇ ಜ್ವರ

ರೇಷ್ಮೆ ಹುಳ ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಹುಳ ಬೆಳೆಯುವಷ್ಟರಲ್ಲಿ ನಾಲ್ಕು ಸಲ ಜ್ವರ. ನಾಲ್ಕನೆಯದರಿಂದ ಎದ್ದವೆಂದರೆ ಸೊಪ್ಪು ಹಾಕಿ ಪೂರೈಸುವುದಿಲ್ಲ. ಹಾಳಾದ ಹುಳಗಳು ಎದ್ದದ್ದು ಸರಿಯಾಗಿ ಮೊದಲ ಪರೀಕ್ಷೆಯ ಬೆಳಿಗ್ಗೆಯೇ. ಸೊಪ್ಪು ಹಾಕಿ ಯಜಮಾನರ ಬೈಕಿನಲ್ಲಿ ಮೂವರೂ ಚಿಂತಾಮಣಿಯ ಪರೀಕ್ಷಾ ಕೇಂದ್ರ ಮುಟ್ಟುವಾಗ ಗೇಟು ಮುಚ್ಚುತ್ತಿದ್ದರು. ಮಗಳು ಹೇಗೋ ಒಳಗೆ ನುಸುಳಿದಳು. ನಾವು ಹೊರಗೇ ಉಳಿದೆವು.

ಅಲ್ಲಿನ ಮೇಲ್ವಿಚಾರಕರು ಮಂಗಳೂರು ಕಡೆಯಿಂದ ಹೊಸದಾಗಿ ಬಂದವರು. ಯಾಕೆ ತಡ ಎಂದು ಗೇಟಿನ ಬಳಿಯೇ ಅವಳನ್ನು ತಡೆದರು.

“ಮನೇಲಿ ನಾಲ್ಕನೇ ಜ್ವರ ಸಾರ್. ಎಲ್ಲಾನೂ ನಾನೇ ನೋಡ್ಕೊಂಡು ಬರ್ಬೇಕಾಯ್ತು.”

ಅವರು ಕರವಸ್ತ್ರ ಮೂಗಿಗೆ ಒತ್ತಿಕೊಂಡರು. “ಎಷ್ಟು ಜನಕ್ಕೆ ಉಂಟು?”

“ಎಣಿಸಿಲ್ಲ ಸಾರ್. ಒಂದು ನಲವತ್ತು ಸಾವಿರ ಇರ್ಬೋದು.”

ಅವರು ಎರಡು ಹೆಜ್ಜೆ ಹಿಂದೆ ಸರಿದು, ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದರು.

“ಬೇಕಾಗಲ್ಲ ಸಾರ್. ಇನ್ನು ಹದಿನೈದು ದಿನ ಕಳೆದ್ರೆ ಎಲ್ಲಾನೂ ಮಾರ್ಕೆಟ್ಟಿಗೆ ಹಾಕ್ಬಿಡ್ತೀವಿ. ತಗೊಂಡೋರು ಬಿಸಿನೀರಲ್ಲಿ ಬೇಯಿಸ್ಕೋತಾರೆ.”

ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂಬತ್ತು ವರ್ಷದ ಪಾಠ ಈ ಗೇಟಿನಲ್ಲೇ ಮುಗಿಯಿತು ಎಂದುಕೊಂಡೆ. ಕಂಬಿ ಹಿಡಿದುಕೊಂಡು, ಹುಳ ಸಾರ್, ರೇಷ್ಮೆ ಹುಳ ಎಂದು ಕೂಗಿದೆ. ಕಾವಲುಗಾರ ಹೊಟ್ಟೆ ಹಿಡಿದು ನಗುತ್ತಲೇ ಅವರಿಗೆ ಎಲ್ಲ ಬಿಡಿಸಿ ಹೇಳಿದ. ಮಗಳನ್ನು ಒಳಗೆ ಕಳಿಸಿದರು. ಅವಳು ಬಾಗಿಲು ದಾಟುವವರೆಗೂ ನಾನು ಕಂಬಿ ಬಿಡಲಿಲ್ಲ.

ಮೇಲ್ವಿಚಾರಕರು ಬೆವರೊರೆಸಿಕೊಂಡು ಗೇಟಿನ ಹತ್ತಿರ ಬಂದರು. ಹುಡುಗಿ ಮನೆಯಲ್ಲೇ ಓದಿದ್ದಂತೆ, ಹೌದೇ ಎಂದರು. ಹೌದೆಂದೆ.

“ಅವಳಿಗೆ ಕಲಿಸಿದ್ದು ಯಾರು?”

ಏನೂ ಅರಿಯದಂತೆ ಬೈಕ್ ಹಿಡಿದು ನಿಂತಿದ್ದ ಯಜಮಾನರ ಕಡೆ ನಾನು ಕೈ ತೋರಿಸಿದೆ.