ಮೆಂತೆಪಲ್ಲೆಯ ಗಾಂಜಾ ಕೇಸು

ಹನ್ನೂರಿನ ರೈತ ಬಂಡೆಪ್ಪ ಗಾಂಜಾ ಸಾಗಿಸಿದ ಆರೋಪದಲ್ಲಿ ಬಂಧಿತನಾದಾಗ, ಅವನ ಚೀಲದಲ್ಲಿದ್ದದ್ದು ಒಣಗಿಸಿದ ಮೆಂತೆಪಲ್ಲೆ ಎಂಬ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಸೊಲ್ಲಾಪುರದಲ್ಲಿ ಹೆರಿಗೆಯಾಗಿದ್ದ ಮಗಳು ಸೋನಾಲಿಗೆಂದು ಅದನ್ನು ಒಯ್ಯುತ್ತಿದ್ದ. ಕುಂಭಾರಿ ಹತ್ತಿರ ಬಸ್ಸು ತಡೆದ ಫೌಜದಾರ ಶೈಲೇಶ ಚೀಲ ಬಿಚ್ಚಿ, ಮೂಸಿ, ಮೆಂತೆ ಎಂದು ತಾವೇ ಹೇಳಿದರು. ಸಾಕ್ಷಿಗೆ ನಿಂತ ಪಂಚರಿಬ್ಬರೂ ಹೌದೆಂದರು. ಆದರೆ ಅದು ವ್ಯಸನಮುಕ್ತಿ ಸಪ್ತಾಹದ ಕೊನೆಯ ದಿನ. ಗಾಂಜಾ ಸಿಕ್ಕಿದೆಯೆಂದು ಮೇಲಧಿಕಾರಿಗಳಿಗೆ ಮುಂಜಾನೆಯೇ ವರದಿ ಹೋಗಿತ್ತು. ಸರಕಾರಕ್ಕೆ ಸುಳ್ಳು ವರದಿ ಕೊಡುವುದು ಅಪರಾಧವಾದ್ದರಿಂದ, ಚೀಲದಲ್ಲಿದ್ದದ್ದನ್ನು ಗಾಂಜಾ ಎಂದು ಜಪ್ತಿ ಮಾಡುವುದು ಅನಿವಾರ್ಯವಾಯಿತು.

ಬಂಡೆಪ್ಪನ ಹೆಂಡತಿ ಅಕ್ಕನಾಗಮ್ಮ ಸೊಲ್ಲಾಪುರದ ವಕೀಲೆ ಉಜ್ವಲಾ ಅವರನ್ನು ಗೊತ್ತುಮಾಡಿದಳು. ಉಜ್ವಲಾ ನೇರವಾದ ಹೆಂಗಸು. ಚೀಲವನ್ನು ಒಮ್ಮೆ ಮೂಸಿ ನೋಡಿರೆಂದು ನ್ಯಾಯಾಧೀಶರಲ್ಲಿ ವಿನಂತಿಸಿದರು. ನ್ಯಾಯಾಧೀಶರು ಮೂಸಿದರು, ಮೆಂತೆಯೇ ಎಂದು ಒಪ್ಪಿದರು. ಆದರೆ ನ್ಯಾಯಾಲಯದ ಮೂಗು ಮಾನ್ಯತೆ ಪಡೆದ ಪ್ರಯೋಗಾಲಯವಲ್ಲ ಎಂದು ವಿವರಿಸಿ ಜಾಮೀನು ನಿರಾಕರಿಸಿದರು. ಜೈಲಿನಲ್ಲಿ ಜಾಗವಿರಲಿಲ್ಲವಾಗಿ ಆರೋಪಿಯನ್ನು ಠಾಣೆಯ ಕೋಣೆಯಲ್ಲೇ ಇಡಲು ಆದೇಶವಾಯಿತು.

ಭೇಟಿಗೆ ಬಂದ ಉಜ್ವಲಾ ಅವರಿಗೆ ಬಂಡೆಪ್ಪ ಒಂದೇ ಮಾತು ಕೇಳಿದ: "ಮೊಮ್ಮಗನ ಮಾರಿ ನೋಡೂದು ನನ್ನ ಹಣ್ಯಾಗ ಐತೋ ಇಲ್ಲೋ, ಮ್ಯಾಡಂ?"

ಉಜ್ವಲಾ ಅವರ ಕಣ್ಣು ಮೂಲೆಯಲ್ಲಿದ್ದ ಜಪ್ತಿ ಚೀಲದ ಮೇಲಿತ್ತು. ಅದು ಕುಗ್ಗಿತ್ತು. ವಿಚಾರಿಸಲಾಗಿ, ಠಾಣೆಯ ಅಡುಗೆಯವನು ಬ್ಯಾಳಿಗೆ ರುಚಿ ಬರಲೆಂದು ದಿನಾ ಒಂದು ಹಿಡಿ ಗಾಂಜಾ ಹಾಕುತ್ತಿದ್ದನೆಂದು ತಿಳಿಯಿತು. ಪ್ರಯೋಗಾಲಯಕ್ಕೆ ಕಳಿಸಬೇಕಿದ್ದ ಮಾದರಿಯ ಪುಡಿಕೆಯೂ ಹಾಗೆಯೇ ಖರ್ಚಾಗಿತ್ತು. ಶೈಲೇಶ ಸಾಹೇಬರು ಈಗೀಗ ಮನೆಯಲ್ಲಿ ಊಟ ಮಾಡುವುದನ್ನೇ ಬಿಟ್ಟಿದ್ದರು.

ಗಾಂಜಾ ಪ್ರಕರಣದಲ್ಲಿ ಶಿಕ್ಷೆ ಮಾಲಿನ ತೂಕವನ್ನು ಅವಲಂಬಿಸಿರುತ್ತದೆ. ಉಜ್ವಲಾ ಕಂಬಿಯ ಹತ್ತಿರ ಬಾಗಿ ಹೇಳಿದರು: "ಕಾಕಾ, ಇನ್ನ ನಾವು ಖರೇ ಹೇಳೂದು ಬ್ಯಾಡ. ಅವ್ರು ಉಣ್ಣಲಿ."

ಮರುದಿನದಿಂದ ಅಕ್ಕನಾಗಮ್ಮ ಮಾನವೀಯ ನೆಲೆಯಲ್ಲಿ ಇಡೀ ಠಾಣೆಗೆ ಬಿಸಿ ಜೋಳದ ರೊಟ್ಟಿ ತರತೊಡಗಿದಳು. ಗಂಡನನ್ನು ಹಿಡಿದವರ ತಾಟಿಗೆ ಬಡಿಸುತ್ತ, ಇನ್ನೊಂದು ಹಾಕಿಸಿಕೊಳ್ಳಿರೆಂದು ಒತ್ತಾಯ ಮಾಡುತ್ತಿದ್ದಳು. ರೊಟ್ಟಿ ಹೆಚ್ಚಿದಂತೆ ಬ್ಯಾಳಿಯೂ ಹೆಚ್ಚು ಬೇಕಾಗಿ, ಊಟದಿಂದ ಊಟಕ್ಕೆ ಆರೋಪ ಹಗುರಾಗುತ್ತ ಬಂತು. ಘೋರ ಅಪರಾಧ ಮಧ್ಯಮವಾಯಿತು, ಮಧ್ಯಮದ್ದು ಅಲ್ಪವಾಯಿತು.

ವಿಚಾರಣೆಯ ದಿನ ನ್ಯಾಯಾಲಯಕ್ಕೆ ಬಂದದ್ದು ಖಾಲಿ ಚೀಲ.

ಮಾಲು ಎಲ್ಲಿ ಎಂದು ನ್ಯಾಯಾಧೀಶರು ಕೇಳಿದರು. ಶೈಲೇಶ ಎದ್ದು ನಿಂತು, "ಉಂಡೇವ್ರಿ, ಸಾಹೇಬ್ರ" ಎಂದರು.

ಉಂಡದ್ದು ಮೆಂತೆಯೋ ಗಾಂಜಾವೋ ಎಂದು ಉಜ್ವಲಾ ಕೇಳಿದರು. ಮೆಂತೆ ಎಂದರೆ ಸುಳ್ಳು ಕೇಸು ಹಾಕಿದ್ದಕ್ಕೆ ನೌಕರಿ ಹೋಗುತ್ತದೆ. ಗಾಂಜಾ ಎಂದರೆ ಅದು ರೋಗ, ಚಿಕಿತ್ಸೆಗೆ ಪಗಾರ ಸಮೇತ ರಜೆ ಸಿಗುತ್ತದೆ. ಶೈಲೇಶ ಕೈಮುಗಿದರು.

"ಗಾಂಜಾನ ಐತ್ರಿ. ಚಟಾ ಹತ್ತೈತಿ."

ಮಾಲು ಇಲ್ಲದ ಕಾರಣ ಬಂಡೆಪ್ಪ ನಿರ್ದೋಷಿಯೆಂದೂ, ಮೆಂತೆಯೆನ್ನುವ ಪಲ್ಲೆಯೇ ಗಾಂಜಾ ಎಂಬುದು ಪೊಲೀಸರ ಹೇಳಿಕೆಯಿಂದ ಸಿದ್ಧವಾಗಿದೆಯೆಂದೂ ತೀರ್ಪಾಯಿತು. ಇಡೀ ಠಾಣೆಯನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಲಾಯಿತು. ಅಲ್ಲಿನ ಸಪ್ಪನೆಯ ಬ್ಯಾಳಿ ಕಂಡು ಇಬ್ಬರು ಹವಾಲ್ದಾರರು ಅತ್ತರು. ಅದನ್ನು ಚಟ ಬಿಡುವಾಗಿನ ಲಕ್ಷಣವೆಂದು ವೈದ್ಯರು ದಾಖಲಿಸಿದರು.

ಬಂಡೆಪ್ಪ ನ್ಯಾಯಾಲಯದಿಂದ ನೇರ ಮಗಳ ಮನೆಗೆ ಹೋದ. ಮೊಮ್ಮಗ ಆಗಲೇ ಬೋರಲು ಬೀಳುತ್ತಿದ್ದ. ಬಂಡೆಪ್ಪ ಅವನನ್ನು ಎದೆಗೊತ್ತಿಕೊಂಡ.

ತೀರ್ಪನ್ನು ಯಾರೂ ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸದ ಕಾರಣ ಅದು ಇಂದಿಗೂ ಜಾರಿಯಲ್ಲಿದೆ. ಅಕ್ಕಲಕೋಟೆ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ತುಳಜಾಬಾಯಿ ಕಾನೂನಿಗೆ ಹೆದರುವ ಹೆಂಗಸು; ಮೆಂತೆ ಎಂಬ ಶಬ್ದವನ್ನು ಬಾಯಿಗೆ ತರುವುದಿಲ್ಲ. "ಎಳೀ ಗಾಂಜಾ ಐತಿ, ಬರ್ರಿ" ಎಂದು ಕೂಗುತ್ತಾಳೆ. ಬಂದೋಬಸ್ತಿನ ಪೊಲೀಸಪ್ಪ ಲಾಠಿ ಬಗಲಲ್ಲಿಟ್ಟುಕೊಂಡು ಎರಡು ಪೆಂಡಿ ಆರಿಸುತ್ತಾನೆ. ಕೊತ್ತಂಬರಿಯನ್ನು ಮಾತ್ರ ಜನ ಇನ್ನೂ ಕೊತ್ತಂಬರಿ ಎಂದೇ ಕರೆಯುತ್ತಾರೆ. ಅದರ ಬಗ್ಗೆ ಈವರೆಗೆ ಯಾವ ಆದೇಶವೂ ಬಂದಿಲ್ಲ.