ಹಾಸ್ಯದ ಮನೆಯ ಗಂಭೀರ ಅಳಿಯ

ಚುನಾವಣೆಯಲ್ಲಿ ನಮ್ಮ ಸೋದರಮಾವನನ್ನು ಸೋಲಿಸಿದವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಬೇರೆಯವರಿಗೆ ಆ ತೊಂದರೆ ಯಾಕೆ ಎಂದು ಪ್ರತಿ ಸಲವೂ ಅವರೇ ಆ ಕೆಲಸ ಮುಗಿಸಿಕೊಂಡು ಬರುತ್ತಿದ್ದರು. ಸೊರಬದಲ್ಲಿ ನಿಂತು ಸೋತರು, ಶಿಕಾರಿಪುರದಲ್ಲಿ ನಿಂತು ಸೋತರು. ಒಮ್ಮೆ ಎರಡೂ ಕಡೆ ನಿಂತು ಒಂದೇ ಹೊತ್ತಿಗೆ ಎರಡೂ ಕಡೆ ಸೋತರು. ಇಂಥ ಸಾಧನೆ ನಮ್ಮ ವಂಶದಲ್ಲಿ ಇನ್ಯಾರೂ ಮಾಡಿಲ್ಲ!

ಪಕ್ಷ ಅವರದೇ. ಅಧ್ಯಕ್ಷರೂ ಅವರೇ, ವಕ್ತಾರರೂ ಅವರೇ, ಕಾರ್ಯಕರ್ತರೂ ಅವರೇ. ಇಷ್ಟೇ ಆಗಿದ್ದರೆ ನಾನು ಗಾಬರಿಯಾಗುತ್ತಿರಲಿಲ್ಲ. ಒಂದು ಭಾನುವಾರ ಶಿಕಾರಿಪುರದಿಂದ ಬಸ್ಸು ಹತ್ತಿ ಸೊರಬದ ಅವರ ಮನೆಗೆ ಹೋದರೆ ಮಾವ ಮುಖ ಊದಿಸಿಕೊಂಡು ಜಗುಲಿಯಲ್ಲಿ ಕೂತಿದ್ದರು.

"ಎಂತ ಆಯ್ತು ಮಾವ?"

"ಪಕ್ಷದಲ್ಲಿ ಭಿನ್ನಮತ ಶುರುವಾಗಿದೆ ಕಣೆ."

"ಎರಡನೆಯ ಸದಸ್ಯ ಯಾವಾಗ ಸೇರಿದ?" ಎಂದೆ.

"ಯಾರೂ ಸೇರಿಲ್ಲ. ಹೋದ ವಾರ ನಾನು ಕೊಟ್ಟ ಹೇಳಿಕೆ ನನಗೇ ಒಪ್ಪಿಗೆ ಇಲ್ಲ" ಎಂದರು. ಅಷ್ಟಕ್ಕೇ ಬಿಟ್ಟರೇ? ತಮ್ಮನ್ನು ತಾವೇ ಪಕ್ಷದಿಂದ ಅಮಾನತು ಮಾಡಿಕೊಂಡರು. ಅಮಾನತು ಮುಗಿಯುವ ತನಕ ಸಭೆ ಕರೆಯಲೂ ಇಲ್ಲ, ಕರೆದರೆ ಹೋಗಲೂ ಇಲ್ಲ. ಅಂಥ ಶಿಸ್ತು!

ಇನ್ನೊಂದು ಚುನಾವಣೆಯಲ್ಲಿ ಅವರಿಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತು. ಮನೆಮನೆಗೆ ಹೋಗಿ "ಹೊಲಿಗೆ ಯಂತ್ರ, ಮರೀಬೇಡಿ" ಎಂದು ಕೈಮುಗಿದು ಬಂದರು. ಹೆಂಗಸರು ಮರೆಯಲಿಲ್ಲ. ಮಾರನೆಯ ಬೆಳಿಗ್ಗೆ ರವಿಕೆ ಕಣ ಹಿಡಿದುಕೊಂಡು ಮಾವನ ಮನೆ ಬಾಗಿಲಲ್ಲಿ ಸಾಲು ನಿಂತರು. ಮಾವ ಗುರುತು ಎಂದರೇನು, ಮತ ಎಂದರೇನು ಎಂದು ವಿವರಿಸುತ್ತಲೇ ಇದ್ದರು. ಒಳಗಿಂದ ಅತ್ತೆ ಬಂದು ಕಣಗಳನ್ನೆಲ್ಲ ಇಸಿದುಕೊಂಡರು. ಆ ವರ್ಷ ನಮ್ಮ ಕಡೆಯ ಹೆಂಗಸರು ಅತ್ತೆ ಹೊಲಿದ ಹೊಸ ರವಿಕೆ ತೊಟ್ಟು ಹೋಗಿ ಬೇರೆಯವರಿಗೆ ಮತ ಹಾಕಿ ಬಂದರು.

ಅತ್ತೆಗೆ ಹೊಲಿಗೆ ಹೇಗೆ ಬಂತು ಎಂದರೆ, ಅವರು ನಾಟಕ ಕಂಪನಿಯ ಮನೆಯವರು. ಅವರ ಅಪ್ಪನ ಕಂಪನಿಯ ಹಾಸ್ಯ ನಾಟಕ ನೋಡಿ ಹೊಟ್ಟೆ ಹಿಡಿದುಕೊಂಡು ನಗದವರು ಈ ಸೀಮೆಯಲ್ಲಿ ಇರಲಿಲ್ಲ. ಈಗ ಅವರ ಅಣ್ಣ ಟೀವಿಯಲ್ಲಿ ಬರುತ್ತಾರೆ. ಬಾಯಿ ತೆರೆಯುವ ಮೊದಲೇ ಜನ ನಗಲು ಶುರುಮಾಡುವಷ್ಟು ಹೆಸರುವಾಸಿ. ಶಿಕಾರಿಪುರದಲ್ಲಿ ಆ ಕಂಪನಿ ಟೆಂಟ್ ಹಾಕಿದ್ದಾಗ, ಮೈಕಿನ ಗಲಾಟೆಗೆ ಊರಿನ ಮಕ್ಕಳ ಓದು ಹಾಳಾಗುತ್ತಿದೆ ಎಂದು ಪ್ರತಿಭಟಿಸಲು ಮಾವ ಒಬ್ಬರೇ ಮೆರವಣಿಗೆಯಲ್ಲಿ ಹೋದರು. ಪರದೆಯ ಹಿಂದೆ ರಾಜನ ನಿಲುವಂಗಿಗೆ ಗುಂಡಿ ಹಾಕುತ್ತ ಕೂತಿದ್ದ ಹುಡುಗಿ, ಇವರ ಭಾಷಣವನ್ನು ಕೊನೆಯ ತನಕ, ಒಂದು ಚೂರೂ ನಗದೆ ಕೇಳಿದಳು. ಧಿಕ್ಕಾರ ಕೂಗಲು ಹೋದವರು ಹೆಣ್ಣು ಕೇಳಿಕೊಂಡು ಬಂದರು.

ಪೀಕಲಾಟ ಶುರುವಾದದ್ದೇ ಅಲ್ಲಿಂದ. ಹಾಸ್ಯದ ಮನೆಯ ಅಳಿಯ ಎಂದ ಮೇಲೆ ಮಾವ ಏನು ಹೇಳಿದರೂ ಜನ ಹಲ್ಲು ಬಿಡತೊಡಗಿದರು. ಉಡುತಡಿಯಲ್ಲಿ ಬಗರ್‌ಹುಕುಂ ಸಾಗುವಳಿದಾರರ ಸಭೆ ಎಂದು ಮಾವ ಹೇಳಿ ಕಳಿಸಿದ್ದರು. ನಾನೂ ಅತ್ತೆಯೂ ಜೊತೆಗೆ ಹೋಗಿದ್ದೆವು. ಹೋಗಿ ನೋಡಿದರೆ, ಊರವರು ವೇದಿಕೆಗೆ ಬಣ್ಣದ ಪರದೆ ಕಟ್ಟಿದ್ದಾರೆ, ಮುಂದೆ ಚಾಪೆ ಹಾಸಿ ಮಕ್ಕಳು ಮರಿ ಸಮೇತ ಕೂತಿದ್ದಾರೆ, ಪಕ್ಕದಲ್ಲಿ ಹಾರ್ಮೋನಿಯಂ ಮಾಸ್ತರರು ತಯಾರಾಗಿದ್ದಾರೆ!

"ಸುರು ಮಾಡ್ರಿ ಯಜಮಾನ್ರ, ನಮ್ದು ಸುರುತಿ ಕೂಡೇತಿ" ಎಂದರು ಮಾಸ್ತರರು.

ಮಾವ ಸಿಟ್ಟು ನುಂಗಿಕೊಂಡು, ಉಳುವವನ ಹೆಸರು ಪಹಣಿಯಲ್ಲಿ ಇಲ್ಲದ ಅನ್ಯಾಯವನ್ನು ವಿವರಿಸತೊಡಗಿದರು. ಒಂದೊಂದು ವಾಕ್ಯ ಮುಗಿದಾಗಲೂ ಹಾರ್ಮೋನಿಯಂ ಕುಯ್ಯೆಂದಿತು. "ನಿಮ್ಮ ಜಮೀನು ನಿಮ್ಮದಲ್ಲ!" ಎಂದು ಮಾವ ಗುಡುಗಿದಾಗ ಜನ ಬಿದ್ದು ಬಿದ್ದು ನಕ್ಕರು. ಹಿಂದಿನಿಂದ ಯಾರೋ "ಒನ್ಸ್ ಮೋರ್" ಎಂದು ಕೂಗಿದರು. ಜಮೀನು ಹೋಗುತ್ತದೆ ಎಂದರೆ ಒನ್ಸ್ ಮೋರ್ ಕೇಳುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬರುವಾಗ ಬಸ್ಸಿನಲ್ಲಿ ಮಾವ, "ಮತ ಹಾಕದಿದ್ರೆ ಬೇಡ. ಒಂದು ಸಲ, ನಗದೆ ಕೇಳಿದ್ರೆ ಸಾಕಿತ್ತು" ಎಂದರು. ಕಿಟಕಿಯ ಪಕ್ಕ ಕೂತಿದ್ದ ಅತ್ತೆಯ ಕಡೆ ನೋಡಿ, "ಇಡೀ ಕ್ಷೇತ್ರದಲ್ಲಿ ನನ್ನ ಮಾತು ಅರ್ಥ ಆಗಿರೋದು ಇವಳೊಬ್ಬಳಿಗೆ" ಎಂದರು. ಹೌದು, ಸಭೆ ಚಂದ್ರಗುತ್ತಿಯಲ್ಲಾಗಲಿ ಕುಬಟೂರಲ್ಲಾಗಲಿ, ಅತ್ತೆ ಮುಂದಿನ ಸಾಲಿನಲ್ಲಿ ಕಲ್ಲಿನಂತೆ ಕೂತಿರುತ್ತಿದ್ದರು. ಸುತ್ತ ನಗೆಯ ಅಲೆ ಎದ್ದಾಗಲೆಲ್ಲ ಮಾವ ಆ ಮುಖವನ್ನು ಹುಡುಕಿಕೊಂಡು, ಅದನ್ನೇ ನೋಡುತ್ತ ಭಾಷಣ ಮುಗಿಸುತ್ತಿದ್ದರು.

ನನಗೆ ನಿಜವಾದ ಆಘಾತ ಆದದ್ದು ಅದಾದ ಮೇಲೆ. ಹಿತ್ತಲಲ್ಲಿ ಬಸಳೆ ಕುಯ್ಯುತ್ತಿದ್ದಾಗ, "ಅತ್ತೆ, ಹಾಸ್ಯದ ಮನೆಯಲ್ಲಿ ಹುಟ್ಟಿಯೂ ನಿಮಗೆ ನಗು ಬರೋದಿಲ್ವ?" ಎಂದು ಕೇಳಿಬಿಟ್ಟೆ.

ಅತ್ತೆ ಅಡುಗೆಮನೆಯ ಕಡೆ ಒಮ್ಮೆ ನೋಡಿ ಪಿಸುಗುಟ್ಟಿದರು. "ಬರೋದಿಲ್ಲ ಅಂತ ಯಾರು ಹೇಳಿದ್ದು ಮಾರಾಯ್ತಿ? ಕೆನ್ನೆ ಒಳಗಿಂದ ಕಚ್ಕೊಂಡು ಕೂತಿರ್ತೀನಿ. ನಮ್ಮಪ್ಪನ ನಾಟಕಕ್ಕೂ ನಂಗೆ ಇಷ್ಟು ನಗು ಬಂದಿಲ್ಲ."

ಕೈಯಲ್ಲಿದ್ದ ಬಸಳೆ ಬಿದ್ದುಹೋಯಿತು. ಮಾವನ ಏಕೈಕ ಪ್ರಾಮಾಣಿಕ ಶ್ರೋತೃ!

"ನಿಮ್ಮ ಮಾವಂಗೆ ಗೊತ್ತಾಗಬಾರದು ನೋಡು. ಪಾಪ, ಅವರಿಗೆ ಇರೋದು ನಾನೊಬ್ಬಳು" ಎಂದು ಆಣೆ ಹಾಕಿಸಿಕೊಂಡರು. ಆ ಆಣೆಯನ್ನು ನಾನು ಮುರಿಯಲಿಲ್ಲ.

ಕಳೆದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗಡೆ ಪೂರಾ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಡಾಕ್ಟರಮ್ಮ, "ಮುಖ ಆಡಬೇಕು, ಮಾತಾಡಿಸ್ತಾ ಇರಿ, ಸಾಧ್ಯವಾದ್ರೆ ನಗಿಸಿ" ಎಂದರು. ನಗಿಸುವುದಕ್ಕೆ ಆ ಮನೆಯಲ್ಲಿ ಜನಕ್ಕೆ ಬರವೇ? ಅಣ್ಣ ಶೂಟಿಂಗ್ ಬಿಟ್ಟು ಓಡಿಬಂದರು. ಟೀವಿಯಲ್ಲಿ ಮಾಡುವುದನ್ನೆಲ್ಲ ತಂಗಿಯ ಮಂಚದ ಮುಂದೆ ಮಾಡಿದರು. ಕಿಟಕಿಗೆ ಮುತ್ತಿದ್ದ ಅಕ್ಕಪಕ್ಕದವರು ನಕ್ಕು ನಕ್ಕು ಸುಸ್ತಾದರು. ಅತ್ತೆಯ ಮುಖ ಅಲುಗಲಿಲ್ಲ. ಆ ದೊಡ್ಡ ಹಾಸ್ಯಗಾರ ಹೊರಗೆ ಬಂದು, ಕಾರಿಗೆ ಒರಗಿಕೊಂಡು, "ಬಾವ, ನನ್ನಿಂದ ಆಗ್ಲಿಲ್ಲ" ಎಂದು ಅತ್ತುಬಿಟ್ಟರು.

ಅವರೆಲ್ಲ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಮಾವ, ಅತ್ತೆ, ನಾನು. ಮಾವ ಅತ್ತೆಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಅವರಿಗೆ ಮುಖ್ಯವಾದ ಮಾತು ಕೂತು ಹೇಳಿ ಅಭ್ಯಾಸವಿಲ್ಲ.

"ನೋಡೇ, ನಾನೊಂದು ತೀರ್ಮಾನ ಮಾಡಿದೀನಿ. ಇನ್ನು ಮೇಲೆ ಚುನಾವಣೆಗೆ ನಿಲ್ಲೋದಿಲ್ಲ. ನಿನ್ನ ಜೊತೆಗೇ ಇರ್ತೀನಿ. ಪಕ್ಷವನ್ನ ಇವತ್ತೇ ವಿಸರ್ಜನೆ ಮಾಡಿದೀನಿ." ಅವರ ದನಿ ನಡುಗುತ್ತಿತ್ತು. ಮಾವ ಕಣ್ಣೊರೆಸಿಕೊಂಡು ಮುಂದುವರಿಸಿದರು. "ಇದರಿಂದ ರಾಜ್ಯಕ್ಕೆ ಆಗೋ ನಷ್ಟವನ್ನ ಜನ ಧೈರ್ಯದಿಂದ ಸಹಿಸ್ಕೋಬೇಕು."

ಮಂಚದಿಂದ ಏನೋ ಸದ್ದು ಬಂತು. ಉಸಿರು ಸಿಕ್ಕಿಕೊಂಡಿತೆಂದು ನಾನು ಹೌಹಾರಿ ಹತ್ತಿರ ಹೋದೆ. ಅತ್ತೆಯ ಹೊಟ್ಟೆ ಕುಲುಕುತ್ತಿತ್ತು. ಕಚ್ಚಿ ಹಿಡಿಯೋಣವೆಂದರೆ ಕೆನ್ನೆ ಅವರ ಮಾತು ಕೇಳುತ್ತಿರಲಿಲ್ಲ. ಸೊಟ್ಟ ಬಾಯಿಯಿಂದ ನಗು ತಾನೇ ತಾನಾಗಿ ಹೊರಗೆ ಹರಿಯುತ್ತಿತ್ತು, ಕಣ್ಣಲ್ಲಿ ಮಾತ್ರ ಸಿಕ್ಕಿಬಿದ್ದ ಭಯ.

ಮಾವ ನಿಂತಲ್ಲೇ ನಿಂತರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಲೋಕವೆಲ್ಲ ನಕ್ಕಾಗ ಅವರನ್ನು ಕುಸಿಯದಂತೆ ಹಿಡಿದು ನಿಲ್ಲಿಸಿದ್ದು ಆ ಒಂದು ಮುಖ.

"ಯಾವಾಗಿಂದ?" ಎಂದು ಮೆಲ್ಲಗೆ ಕೇಳಿದರು.

ಅತ್ತೆ ಎಡಗೈಯಲ್ಲಿ ಸೆರಗು ಎಳೆದು ಬಾಯಿ ಮುಚ್ಚಿಕೊಂಡರು.

"ಮೊದಲಿಂದಲೂ?"

ಅತ್ತೆ ಹೌದೆಂದು ತಲೆಯಾಡಿಸಿದರು.

ಮಾವ ಮಂಚದ ಹತ್ತಿರ ಹೋಗಿ, ಬಾಯಿಗೆ ಅಡ್ಡವಿದ್ದ ಸೆರಗನ್ನು ಮೆತ್ತಗೆ ಸರಿಸಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು, ಪಂಚೆ ಸರಿಮಾಡಿಕೊಂಡು, ಕೈ ಎತ್ತಿ, ಇಡೀ ಸೊರಬಕ್ಕೆ ಕೇಳುವಂತೆ ಗುಡುಗಿದರು.

"ಮಹಾಜನಗಳೇ! ರಾಜ್ಯದ ನಷ್ಟ ಹೇಳಿಯಾಯ್ತು. ಇನ್ನು ದೇಶಕ್ಕೆ ಆಗೋ ನಷ್ಟದ ವಿಷಯಕ್ಕೆ ಬರ್ತೀನಿ."