ನೀರಿಗೆ ಬೆಂಕಿ ಹತ್ತಿದ ಶುಕ್ರವಾರ

ಶ್ಯಾಮಸುಂದರನ ಉದ್ಯೋಗವನ್ನು ಅಚ್ಚಗನ್ನಡದಲ್ಲಿ ಹೇಳಿದರೆ ಮಾನ ಹೋಗುತ್ತಿತ್ತು. ಕುವೈತಿನಲ್ಲಿ ಸಮುದ್ರದ ನೀರನ್ನು ಕಾಯಿಸಿ, ಆವಿ ಮಾಡಿ, ಉಪ್ಪು ಕಳೆದು ಸಿಹಿನೀರು ಮಾಡುವ ಕಾರ್ಖಾನೆಯಲ್ಲಿ ಅವನು ಇಂಜಿನಿಯರು. ಹೆಣ್ಣು ನೋಡಲು ಹೋದಾಗ ಅವನ ತಾಯಿ ಭಾಗೀರಥಮ್ಮ "ನಮ್ಮ ಹುಡುಗ ಕುವೈತಲ್ಲಿ ಭಟ್ಟಿ ಇಳಿಸ್ತಾನೆ" ಎಂದು ಹೆಮ್ಮೆಯಿಂದ ಹೇಳಿಬಿಟ್ಟಿದ್ದರು. ಹೆಣ್ಣಿನ ತಂದೆ ಹೊರಗೆ ಬರುತ್ತಿದ್ದ ಉಪ್ಪಿಟ್ಟಿನ ತಟ್ಟೆಗಳನ್ನು ಹಾಗೇ ಒಳಗೆ ಕಳಿಸಿದ್ದರು. (ಯಾವ ಭಟ್ಟಿ ಎಂದು ವಿವರಿಸಿದ ಮೇಲೆ ಉಪ್ಪಿಟ್ಟು ಮರಳಿ ಬಂತು. ಆದರೆ ಗೋಡಂಬಿ ಕಡಿಮೆಯಾಗಿತ್ತು.)

ಆ ಹೆಣ್ಣೇ ಬೃಂದಾ. ಗಂಡನನ್ನು ನಂಬುತ್ತಿದ್ದಳು, ಗಂಡನ ನೀರನ್ನು ಮಾತ್ರ ನಂಬುತ್ತಿರಲಿಲ್ಲ. ಕೊಲ್ಲಿ ಯುದ್ಧ ಮುಗಿದು ತೊಂಬತ್ತೊಂದರಲ್ಲಿ ಇಬ್ಬರೂ ಕುವೈತಿನ ರಿಗ್ಗೈ ಬಡಾವಣೆಯ ಹಳೆಯ ಮನೆಗೆ ವಾಪಸಾದ ಮೇಲಂತೂ ಅವಳ ಅಪನಂಬಿಕೆ ಶಾಸನವೇ ಆಯಿತು. ದೂರದಲ್ಲಿ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ತಾರಸಿಯ ಟ್ಯಾಂಕಿನ ಮೇಲೆ ಮಸಿ, ಒಣಗಿಸಿದ ಬಟ್ಟೆಯ ಮೇಲೆ ಮಸಿ. ಶ್ಯಾಮಸುಂದರ ಒಮ್ಮೆ ಕಟ್ಟಡದವರನ್ನೆಲ್ಲ ಸೇರಿಸಿ, ನಲ್ಲಿಯಿಂದ ನೇರ ಒಂದು ಲೋಟ ಹಿಡಿದು ಗಟಗಟ ಕುಡಿದು, "ಇದು ನಾನು ಮಾಡಿದ ನೀರು. ಇದರಲ್ಲಿ ತೊಟ್ಟು ಎಣ್ಣೆ ಇದ್ರೆ ನನ್ನ ಹೆಸರು ಬದಲಾಯಿಸಿ" ಎಂದು ಸಾರಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೃಂದಾ ಮಾತ್ರ, "ನಿಮಗೆ ಸಂಬಳ ಕೊಡ್ತಾರೆ, ಕುಡೀತೀರಿ. ನಮಗೇನು ಕೊಡ್ತಾರೆ?" ಎಂದಳು.

ಅವಳ ರಾಜ್ಯದ ಕಾನೂನು ಕಠಿಣವಾಗಿತ್ತು. ನೀರನ್ನು ಪಂಚೆಯ ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ, ಖಾಲಿ ಮಿನರಲ್ ವಾಟರ್ ಬಾಟಲಿಗಳಿಗೆ ತುಂಬಿ, ಕುದಿಸಿದ್ದಕ್ಕೆ ಗುರುತಾಗಿ ಕೊರಳಿಗೆ ಒಂದು ಬಿಳಿ ದಾರ ಕಟ್ಟುವುದು. ಅಂಗಡಿಯ ಬಾಟಲಿಯ ನೀರಿಗೂ ವಿನಾಯಿತಿಯಿಲ್ಲ. ಈ ದಾರಕ್ಕೆ ಶ್ಯಾಮಸುಂದರ ಜನಿವಾರ ಎಂದು ಹೆಸರಿಟ್ಟಿದ್ದ. ಒಮ್ಮೆ ಸಮುದ್ರದಿಂದ, ಇನ್ನೊಮ್ಮೆ ಬೃಂದಾಳ ಒಲೆಯಿಂದ ಹುಟ್ಟಿದ ನೀರು, ದ್ವಿಜವೇ ಸರಿ. ಅಡುಗೆಮನೆಯ ಬಾಲ್ಕನಿಯಲ್ಲಿ ಈ ವಟುಗಳು ಸಾಲಾಗಿ ನಿಂತಿರುತ್ತಿದ್ದವು.

ಹೀಗಿರುವಾಗ ಎದುರು ಮನೆಯ ಪಾಯಸ್ ದಂಪತಿಗಳ ಮದುವೆಯ ಬೆಳ್ಳಿಹಬ್ಬ ಬಂತು. ಮಂಗಳೂರಿನ ಪಾಯಸ್ ಆಸ್ಪತ್ರೆಯೊಂದರ ಕಚೇರಿಯಲ್ಲಿ ಹಿರಿಯ ಗುಮಾಸ್ತ. ಯುದ್ಧಕ್ಕೆ ಮುಂಚೆ ಮನೆಯಲ್ಲೇ ದ್ರಾಕ್ಷಿ ಹುಳಿ ಬರಿಸಿ ಮಾಡುತ್ತಿದ್ದ ಅವರ ವೈನು ಎಷ್ಟೋ ಕ್ರಿಸ್‌ಮಸ್‌ಗಳಲ್ಲಿ ಶ್ಯಾಮಸುಂದರನ ಕಣ್ಣು ತೆರೆಸಿತ್ತು. (ಬೃಂದಾಳ ಲೆಕ್ಕದಲ್ಲಿ ಅದು ದ್ರಾಕ್ಷಿ ಶರಬತ್ತು.) ಜಾಡಿಗಳು ಯುದ್ಧದಲ್ಲಿ ಹೋಗಿದ್ದವು. "ಬೆಳ್ಳಿಹಬ್ಬಕ್ಕೆ ಗ್ಲಾಸು ಎತ್ತಲಿಕ್ಕೆ ಎಂತದೂ ಇಲ್ಲ ಮಾರಾಯ್ರೇ" ಎಂದು ಪಾಯಸ್ ಕಣ್ಣು ತುಂಬಿಕೊಂಡಾಗ ಶ್ಯಾಮಸುಂದರ ಎದೆ ತಟ್ಟಿ, "ಅದು ನನಗೆ ಬಿಡಿ" ಎಂದುಬಿಟ್ಟ.

ಎದೆ ತಟ್ಟಿದ ಮೇಲೆ ಅದು ನಡುಗತೊಡಗಿತು. ಮದ್ಯಕ್ಕೆ ನಿಷೇಧವಿದ್ದ ದೇಶ; ಸಿಕ್ಕಿಬಿದ್ದರೆ ಇಕಾಮಾ ಎಂಬ ವಾಸದ ಪರವಾನಗಿ ಖಲಾಸ್, ಮೊದಲ ವಿಮಾನಕ್ಕೆ ಹತ್ತಿಸುತ್ತಾರೆ. ಅದಕ್ಕಿಂತ ದೊಡ್ಡ ಸರಕಾರ ಮನೆಯಲ್ಲಿತ್ತು. "ಆ ಪದಾರ್ಥ ಹೊಸ್ತಿಲು ದಾಟಿದ ದಿನ ನಾನು ಮೈಸೂರಿಗೆ" ಎಂದು ಬೃಂದಾ ಉಪ್ಪಿಟ್ಟಿನ ದಿನವೇ ಷರತ್ತು ಹಾಕಿದ್ದಳು. ಆದರೂ ಕೊಟ್ಟ ಮಾತು. ಶುವೈಖ್‌ನ ಗ್ಯಾರೇಜಿನಲ್ಲಿ ಕಾರು ರಿಪೇರಿ ಮಾಡುವ ಜೋಕಿಮ್ ಅವನ ಕೈಗೆ ಒಂದು ಮಿನರಲ್ ವಾಟರ್ ಬಾಟಲಿ ಇಟ್ಟ. ಒಳಗಿದ್ದದ್ದು ಗುಟ್ಟಾಗಿ ಇಳಿಸಿದ ಸಾರಾಯಿ. ಬಲ್ಲವರು ಅದನ್ನು ಸಿದ್ದೀಕಿ ಎನ್ನುತ್ತಾರೆ, ಅರಬ್ಬಿಯಲ್ಲಿ 'ನನ್ನ ಗೆಳೆಯ'.

"ನೋಡ್ಲಿಕ್ಕೆ ನೀರು ಸಾರ್. ಕುಡಿದ್ರೆ ದೋಸ್ತ್" ಎಂದ ಜೋಕಿಮ್.

ಎಲ್ಲಿ ಅಡಗಿಸುವುದು? ಮಂಚದ ಕೆಳಗೆ ಬೃಂದಾಳ ಪೊರಕೆ ಹೋಗುತ್ತದೆ, ಬೀರುವಿಗೆ ಬೃಂದಾಳ ಕೈ ಹೋಗುತ್ತದೆ. ಕೊನೆಗೆ ಶ್ಯಾಮಸುಂದರನಿಗೆ ಮಹಾಜ್ಞಾನ ಹೊಳೆಯಿತು: ನೀರನ್ನು ನೀರಿನಲ್ಲೇ ಅಡಗಿಸಬೇಕು. ಬಾಟಲಿಯನ್ನು ಬಾಲ್ಕನಿಯ ಸಾಲಿನ ನಡುವೆ ನಿಲ್ಲಿಸಿದ. ತನಗೆ ಗುರುತು ಸಿಗಲಿ ಎಂದು ಅದಕ್ಕೆ ಮಾತ್ರ ದಾರ ಕಟ್ಟಲಿಲ್ಲ. ಇಷ್ಟು ಜಾಣನಾಗಿರದಿದ್ದರೆ ಅವನು ಬಚಾವಾಗುತ್ತಿದ್ದ.

ಶುಕ್ರವಾರ, ರಜೆ. ಮಧ್ಯಾಹ್ನ ಪಾಯಸ್ ಮನೆಯಲ್ಲಿ ಔತಣ. ಶ್ಯಾಮಸುಂದರ ಪೇಪರು ಹಿಡಿದು ಕುಳಿತಿದ್ದಾಗ ಅಡುಗೆಮನೆಯಿಂದ 'ಭುಸ್' ಎಂದು ಸದ್ದಾಯಿತು. ಬೃಂದಾ ಹೊರಗೆ ಬಂದಳು. ಮುಂಗೂದಲು ಸುರುಟಿಕೊಂಡಿತ್ತು.

"ರೀ, ನಿಮ್ಮ ನೀರಿಗೆ ಬೆಂಕಿ ಹತ್ತಿತು."

"ನೀರಿಗೆ ಬೆಂಕಿ ಹತ್ತಲ್ಲ ಬೃಂದಾ. ನೀರು ಬೆಂಕಿ ಆರಿಸತ್ತೆ. ಅದು ವಿಜ್ಞಾನ."

"ನಿಮ್ಮ ವಿಜ್ಞಾನ ನನ್ನ ಹುಬ್ಬು ಸುಟ್ಟಿದೆ, ನೋಡಿ. ಒಂದು ಬಾಟಲಿಗೆ ದಾರ ಇರಲಿಲ್ಲ. ಕುದಿಸೋಕೆ ಮರೆತಿದ್ದೀನಿ ಅಂತ ಪಾತ್ರೆಗೆ ಸುರಿದು ಒಲೆ ಮೇಲಿಟ್ಟೆ."

ಶ್ಯಾಮಸುಂದರನ ಕೈಯಲ್ಲಿದ್ದ ಪೇಪರು ತಾನಾಗಿ ಮಡಿಚಿಕೊಂಡಿತು.

"ಸುರಿಯುವಾಗ ವಾಸನೆ ಬರಲಿಲ್ವಾ?"

"ಬಂತು. ಈ ಊರಲ್ಲಿ ಈಗ ಯಾವುದಕ್ಕೆ ವಾಸನೆ ಇಲ್ಲ? ನಿನ್ನೆ ಮೊಸರೇ ಪೆಟ್ರೋಲ್ ಬಂಕಿನ ಥರ ಇತ್ತು. ಮುಚ್ಚಳ ಮುಚ್ಚಿ ಒಲೆ ಆರಿಸಿದ್ದೀನಿ."

"ಹಾಗಾದ್ರೆ ಚೆಲ್ಲಿಬಿಡ್ತೀನಿ" ಎಂದು ಅವನು ಒಳಕ್ಕೆ ಹಾರಿದ.

"ಮುಟ್ಟೀರಿ ಮತ್ತೆ. ಅದು ಸಾಕ್ಷಿ" ಎಂದು ಬೃಂದಾ ಪಾತ್ರೆಗೆ ಅಡ್ಡ ನಿಂತು, ಅಲ್ಲಿಂದಲೇ ಎದುರು ಮನೆಗೆ ಕೂಗು ಹಾಕಿದಳು.

ಪಾಯಸ್ ಬಂದರು. ಅವರ ಹೆಂಡತಿ ಮಗ್ದಲೀನ್ ಬಾಯಿ ಕೈಯಲ್ಲಿ ಸೌಟು ಹಿಡಿದೇ ಬಂದರು. ಕೆಳಗಿನ ದಿನಸಿ ಅಂಗಡಿಯ ಉಮ್ಮರ್ ಕುಂಞಿ, ಔತಣಕ್ಕೆ ಮೊಟ್ಟೆ ಕೊಡಲು ಬಂದವನು, ಮೊಟ್ಟೆ ಸಮೇತ ಬಂದ. ಬೃಂದಾ ಯಜ್ಞಕ್ಕೆ ಕುಳಿತ ಪುರೋಹಿತರಂತೆ ಮುಚ್ಚಳ ತೆಗೆದು, ಮತ್ತೆ ಒಲೆ ಹಚ್ಚಿ, ಕುದಿ ಬಂದಾಗ ಪಾತ್ರೆಗೆ ಕಡ್ಡಿ ತೋರಿಸಿದಳು. ನೀರಿನ ಮೇಲೆ ನೀಲಿ ಜ್ವಾಲೆ ಎದ್ದು ಕುಣಿಯಿತು.

"ಜೆಜು" ಎಂದು ಮಗ್ದಲೀನ್ ಬಾಯಿ ಶಿಲುಬೆ ಗುರುತು ಹಾಕಿಕೊಂಡರು. ಉಮ್ಮರ್ ಕುಂಞಿ ಮೊಟ್ಟೆಗಳನ್ನು ಎದೆಗೆ ಅವಚಿಕೊಂಡ. ಪಾಯಸ್ ಮಾತ್ರ ಮೂಗರಳಿಸಿ, ಒಮ್ಮೆ ಜ್ವಾಲೆಯನ್ನೂ ಒಮ್ಮೆ ಶ್ಯಾಮಸುಂದರನನ್ನೂ ನೋಡಿ, ಚಿತೆಯ ಮುಂದೆ ನಿಂತ ಹತ್ತಿರದ ಬಂಧುವಿನಂತೆ ಕೈಕಟ್ಟಿ ತಲೆ ತಗ್ಗಿಸಿದರು.

"ಪೂರಾ ಬಾಟಲಿ ಹಾಕಿದ್ದಾ ಬೃಂದಾ ಬಾಯಿ?" ಎಂದರು ಮೆಲ್ಲಗೆ.

"ಪೂರಾ" ಎಂದಳು ಬೃಂದಾ.

ಉಮ್ಮರ್ ಕುಂಞಿ ಇಂಜಿನಿಯರನ ಕಡೆ ತಿರುಗಿದ. "ಸಾರ್, ಅವತ್ತು ಎಲ್ಲರ ಮುಂದೆ ಕುಡಿದು ತೋರ್ಸಿದ್ರಲ್ಲ. ಇದು ಆ ನೀರೇನಾ?"

ಅಲ್ಲ ಎಂದರೆ ಮತ್ತೇನು ಎಂಬ ಪ್ರಶ್ನೆ, ಆಮೇಲೆ ಮೈಸೂರಿನ ಟಿಕೆಟು. ಶ್ಯಾಮಸುಂದರ ಗಂಟಲು ಸರಿಮಾಡಿಕೊಂಡು, ಜೀವಮಾನದ ನೀರಿಗೆ ದ್ರೋಹ ಬಗೆದ.

"ಇರಬಹುದು. ಒಂದು ಚೂರು ತೈಲದ ಅಂಶ..."

"ಹಾಗಾದ್ರೆ ನನ್ನ ಸಾನ್ನಾ, ಕೋಳಿ ಸುಕ್ಕ ಎಲ್ಲ ಇದೇ ನೀರಲ್ಲಿ ಮಾಡಿದ್ದು" ಎಂದರು ಮಗ್ದಲೀನ್ ಬಾಯಿ, ಬಿಳಿಚಿಕೊಂಡು. "ಎಲ್ಲ ಚೆಲ್ಲಿ ಬರ್ತೇನೆ."

"ನಾನು ಈಗಲೇ ಪೂರಾ ಬಿಲ್ಡಿಂಗಿಗೆ ಹೇಳ್ತೇನೆ, ಇಂಜಿನಿಯರೇ ಒಪ್ಪಿದ್ರು ಅಂತ" ಎಂದ ಉಮ್ಮರ್ ಕುಂಞಿ.

ಗೆಳೆಯ ಸುಟ್ಟುಹೋಗಿದ್ದ. ಇನ್ನು ಕೋಳಿಯೂ ಹೋಗಿ, ಅದರ ಹಿಂದೆ ನೌಕರಿಯೂ ಹೋಗುವುದರಲ್ಲಿತ್ತು. ಪಾಯಸ್ ಮುಖವನ್ನು ನೋಡಲಾರದೆ ಶ್ಯಾಮಸುಂದರ ಕಣ್ಣು ಮುಚ್ಚಿಕೊಂಡು ಹೇಳಿದ:

"ಚೆಲ್ಲಬೇಡಿ. ಅದು ನೀರಲ್ಲ. ಸಿದ್ದೀಕಿ."

"ಯಾವ ಸಿದ್ದೀಕಿ? ನಿಮ್ಮ ಆಫೀಸಿನವರಾ?" ಎಂದಳು ಬೃಂದಾ.

"ಸಾರಾಯಿ. ನಾನೇ ತಂದು ಇಟ್ಟಿದ್ದು."

ಕುಗ್ಗುತ್ತಿದ್ದ ಜ್ವಾಲೆ ಒಮ್ಮೆ ಮಿಣುಕಿ ಆರಿತು. ಬೃಂದಾಳ ತುಟಿ ಅದುರಿತು. ಶ್ಯಾಮಸುಂದರ ಸಿಡಿಲಿಗೆ ಕಾದು ನಿಂತ.

"ಕೇಳಿದ್ರಾ?" ಎಂದಳು ಬೃಂದಾ, ಕಣ್ಣೊರೆಸಿಕೊಂಡು. "ಕಾರ್ಖಾನೆ ಮರ್ಯಾದೆ ಉಳಿಸೋಕೆ ಕುಡುಕ ಅನ್ನಿಸಿಕೊಳ್ಳೋಕೂ ತಯಾರು. ಅಡಿಕೆ ಚೂರು ಹಾಕ್ಕೊಂಡ್ರೆ ತಲೆ ಸುತ್ತೋ ಮನುಷ್ಯ."

"ಎಂಥ ನಿಯತ್ತು" ಎಂದ ಉಮ್ಮರ್ ಕುಂಞಿ, ಗದ್ಗದಿತನಾಗಿ.

ಶ್ಯಾಮಸುಂದರನಿಗೆ ಇದು ಸಿಡಿಲಿಗಿಂತ ದೊಡ್ಡ ಆಘಾತ. ಇಪ್ಪತ್ತು ವರ್ಷ ಅವನು ಹೇಳಿದ ಸುಳ್ಳನ್ನೆಲ್ಲ ನಂಬಿದವಳು ಮೊದಲ ನಿಜವನ್ನು ನಂಬಲಿಲ್ಲ. ಲೋಟ ತೆಗೆದುಕೊಂಡು ಪಾತ್ರೆಗೆ ಅದ್ದಿ, "ರುಜುವಾತು ಮಾಡ್ತೀನಿ" ಎಂದು ಊದಿ ಊದಿ ಗುಟುಕರಿಸಿದ. ಬಾಯಿಗೆ ಬಂದದ್ದು ಬಿಸಿ, ಸಪ್ಪೆ, ಸ್ವಲ್ಪ ಹೊಗೆ. ಗೆಳೆಯನ ಸುಳಿವಿಲ್ಲ. ಕಂಗಾಲಾಗಿ ಲೋಟವನ್ನು ಪಾಯಸ್ ಕೈಗೆ ಕೊಟ್ಟ. ಅವರು ಒಂದು ಗುಟುಕು ಬಾಯಲ್ಲಿ ತುಂಬಾ ಹೊತ್ತು ಹುಡುಕಿ, ನುಂಗಿದರು.

"ನೀರು ಮಾರಾಯ್ರೇ" ಎಂದರು. ಅಷ್ಟು ದುಃಖದಲ್ಲಿ ಆ ಮಾತನ್ನು ಯಾರೂ ಹೇಳಿರಲಾರರು.

ಬೃಂದಾ ಇನ್ನೊಂದು ಕಡ್ಡಿ ಗೀರಿ ಪಾತ್ರೆಗೆ ಒಡ್ಡಿದಳು. ಏನೂ ಹತ್ತಲಿಲ್ಲ. "ಇಷ್ಟು ದಿನ ನಾನು ಬಡ್ಕೊಂಡಿದ್ದು ಇದನ್ನೇ. ಕುದಿಸಿದ ಮೇಲೆ ವಿಷ ಹೋಯ್ತಾ ಇಲ್ವಾ? ಮಗ್ದಲೀನ್ ಬಾಯಿ, ಸಾನ್ನಾ ಹಬೇಲಿ ಬೆಂದಿದ್ದು, ಕೋಳಿ ಕುದ್ದಿದ್ದು. ಯಾಕೆ ಚೆಲ್ತೀರಿ? ಬಡಿಸಿ."

ಔತಣ ಉಳಿಯಿತು. ಪಾತ್ರೆಯಲ್ಲಿ ಉಳಿದದ್ದನ್ನು ಬೃಂದಾ ಆರಿಸಿ, ಅದೇ ಬಾಟಲಿಗೆ ತುಂಬಿ, ಕೊರಳಿಗೆ ಬಿಳಿ ದಾರ ಕಟ್ಟಿ ಊಟಕ್ಕೆ ತಂದಳು. ಬೆಳ್ಳಿಹಬ್ಬದ ದಂಪತಿಗಳಿಗೆ ಅವಳೇ ಲೋಟ ತುಂಬಿದಳು. ಪಾಯಸ್ ಎದ್ದು ನಿಂತು ಲೋಟ ಎತ್ತಿ ಎಲ್ಲರಿಗೂ ವಂದಿಸಿ, ಕುಡಿಯುವ ಮುನ್ನ ಶ್ಯಾಮಸುಂದರನ ಕಿವಿಗೆ ಬಗ್ಗಿದರು.

"ಭಟ್ಟಿ ಇಳಿಸೋದನ್ನ ನಿಮ್ಮ ಹೆಂಡ್ತಿ ಹತ್ರ ಕಲೀರಿ. ಸಾರಾಯಿಯಿಂದ ನೀರು ತೆಗೀತಾರೆ."